ಹೆಸರಿಲ್ಲದ ಸಿಲಿಂಡರ್ ಊರೊಳಗೆ ಬರಬಾರದು

2021ರ ಫೆಬ್ರುವರಿ 22ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಕಲ್ಲು ಕ್ವಾರಿಗೆಂದು ಅಕ್ರಮವಾಗಿ ಇಟ್ಟುಕೊಂಡಿದ್ದ ಸಿಡಿಮದ್ದನ್ನು ಪೊಲೀಸರ ಕಣ್ಣಿಗೆ ಬೀಳದಂತೆ ಸಾಗಹಾಕಲು ಹೊರಟಾಗ ಆದ ಅನಾಹುತ ಅದು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಸಿಡಿಮದ್ದು ತುಂಬಿದ್ದ ಲಾರಿ ಸ್ಫೋಟಗೊಂಡು ಅಕ್ಕಪಕ್ಕದ ಜಿಲ್ಲೆಗಳವರೆಗೆ ನೆಲ ನಡುಗಿತ್ತು. ಆ ಎರಡು ಘಟನೆಗಳ ನಂತರ ಕ್ವಾರಿ ಪರವಾನಗಿ, ಗಡಿಯಾಚೆಯಿಂದ ಬರುವ ಮದ್ದು, ಅಧಿಕಾರಿಗಳ ಕಣ್ಣುಮುಚ್ಚಾಲೆ ಎಲ್ಲವೂ ಚರ್ಚೆಗೆ ಬಂದವು. ಹೆಚ್ಚು ಚರ್ಚೆಗೆ ಬಾರದ ಸಂಗತಿಯೊಂದಿದೆ. ಜಿಲೆಟಿನ್ ಕಡ್ಡಿಯನ್ನು ಆಳುವ 1884ರ ಸ್ಫೋಟಕ ಕಾಯ್ದೆಯೇ ಚಿಂತಾಮಣಿಯ ವೆಲ್ಡಿಂಗ್ ಅಂಗಡಿಗೆ ಬರುವ ಆಮ್ಲಜನಕದ ಸಿಲಿಂಡರನ್ನೂ ಆಳುತ್ತದೆ. ಲೋಹದ ಪಾತ್ರೆಯಲ್ಲಿ ಒತ್ತಿ ತುಂಬಿದ ಅನಿಲ ಕಾನೂನಿನ ಕಣ್ಣಿನಲ್ಲಿ ಸ್ಫೋಟಕವೇ ಎಂದು 1938ರಲ್ಲೇ ಅಧಿಸೂಚನೆ ಹೊರಟಿದೆ. ಅದರ ಬೆನ್ನಿಗೆ 1940ರಲ್ಲಿ ಬಂದ ಅನಿಲ ಸಿಲಿಂಡರ್ ನಿಯಮಗಳು 1981, 2004 ಮತ್ತು 2016ರಲ್ಲಿ ಹೊಸದಾಗಿ ಬರೆಯಲ್ಪಟ್ಟಿವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆ ಇವುಗಳ ಉಸ್ತುವಾರಿ ನೋಡುತ್ತದೆ.

ಕಾನೂನು ಎರಡನ್ನೂ ಒಂದೇ ಕಾಯ್ದೆಯಡಿ ತಂದರೂ ನಮ್ಮ ಭಯ ಎರಡಕ್ಕೂ ಒಂದೇ ಅಲ್ಲ. ಜಿಲೆಟಿನ್ ಎಂದರೆ ಬೆಚ್ಚುವ ನಾವು, ಲಗೇಜ್ ಆಟೊದಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ನಾಲ್ಕೈದು ಸಿಲಿಂಡರ್‌ಗಳ ಪಕ್ಕದಲ್ಲೇ ಸಿಗ್ನಲ್ಲಿಗಾಗಿ ನಿಶ್ಚಿಂತೆಯಿಂದ ಕಾಯುತ್ತೇವೆ. ಆಸ್ಪತ್ರೆಗೆ ಆಮ್ಲಜನಕ, ಗ್ಯಾರೇಜಿಗೆ ಅಸಿಟಿಲೀನ್, ಐಸ್ ಫ್ಯಾಕ್ಟರಿಗೆ ಮತ್ತು ಹಾಲಿನ ಡೇರಿಗೆ ಅಮೋನಿಯಾ, ಕುಡಿಯುವ ನೀರಿನ ಶುದ್ಧೀಕರಣಕ್ಕೆ ಕ್ಲೋರಿನ್, ಸೋಡಾ ಅಂಗಡಿಗೆ ಕಾರ್ಬನ್ ಡೈಆಕ್ಸೈಡ್, ಹೆದ್ದಾರಿ ಹೋಟೆಲಿಗೆ ಎಲ್‌ಪಿಜಿ: ಇವಿಲ್ಲದೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟದಂಥ ಯಾವ ಊರಿನ ದಿನವೂ ನಡೆಯದು. ಆದ್ದರಿಂದ ಸಿಲಿಂಡರ್ ಬರಲೇಬೇಕು. ಅದರ ಒಳಗೆ ಏನಿದೆ, ಸೋರಿದರೆ ಏನು ಮಾಡಬೇಕು ಎಂಬುದು ಅದನ್ನು ಹಿಂದೆಂದೂ ಕಂಡಿರದವನಿಗೂ ದಾರಿಯಲ್ಲಿ ನಿಂತೇ ಗೊತ್ತಾಗಬೇಕು. ಅಪಾಯದ ಗುರುತಿಗೆ ಇರುವುದು ಇದೊಂದೇ ಕೆಲಸ. ನಮ್ಮಲ್ಲಿ ನಿಯಮಕ್ಕೆ ಕೊರತೆಯಿಲ್ಲ, ಆ ಗುರುತನ್ನು ಓದಬೇಕಾದವನು ಯಾರೆಂಬುದು ಮಾತ್ರ ಮರೆತುಹೋಗಿದೆ ಎಂಬುದು ಈ ಲೇಖನದ ವಾದ.

ನಿಯಮಗಳು ಎಷ್ಟು ವಿವರವಾಗಿವೆ ನೋಡಿ. ಪ್ರತಿ ಸಿಲಿಂಡರಿನ ಮೇಲೆ ಅನಿಲದ ಹೆಸರು, ತುಂಬಿದವರ ಹೆಸರು ಮತ್ತು ವಿಳಾಸ ಇರಬೇಕು. ಜೊತೆಗೊಂದು ಎಚ್ಚರಿಕೆಯ ಚೀಟಿ: ಬಣ್ಣ ಬದಲಿಸಬೇಡಿ, ಬೇರೆ ಅನಿಲ ತುಂಬಬೇಡಿ, ಹತ್ತಿರ ಬೆಂಕಿ ಹಿಡಿಯುವ ವಸ್ತು ಇಡಬೇಡಿ, ವಾಲ್ವಿಗೆ ಎಣ್ಣೆ ಹಚ್ಚಬೇಡಿ, ವಾಲ್ವಿನ ಕೆಳಗಿನ ಲೋಹದ ಉಂಗುರದಲ್ಲಿ ಮುಂದಿನ ಪರೀಕ್ಷೆಯ ದಿನಾಂಕ ನೋಡಿ, ಅವಧಿ ಮುಗಿದಿದ್ದರೆ ಸಿಲಿಂಡರ್ ತೆಗೆದುಕೊಳ್ಳಬೇಡಿ. ತುಂಬಿದ ಸಿಲಿಂಡರನ್ನು ಸೈಕಲ್ಲಿನಲ್ಲಾಗಲಿ ಬೈಕಿನಲ್ಲಾಗಲಿ ಒಯ್ಯುವಂತಿಲ್ಲ. ಅದು ಗಾಡಿಯ ಅಂಚಿನಿಂದ ಹೊರಚಾಚುವಂತಿಲ್ಲ. ಹೊತ್ತಿಕೊಳ್ಳುವ ಅನಿಲವನ್ನು ಬೇರೆ ಅನಿಲಗಳ ಜೊತೆಗೆ, ವಿಷಾನಿಲವನ್ನು ಆಹಾರ ಪದಾರ್ಥಗಳ ಜೊತೆಗೆ ಹೇರುವಂತಿಲ್ಲ. ಇನ್ನು ವಾಹನದ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ಗಾಡಿಯ ಎರಡು ಪಕ್ಕಗಳಲ್ಲೂ ಹಿಂಬದಿಯಲ್ಲೂ ತುರ್ತು ಮಾಹಿತಿ ಫಲಕ ಇರಬೇಕು. ಅದರಲ್ಲಿ ಸರಕಿನ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ, ವಿಶ್ವಸಂಸ್ಥೆಯ ವರ್ಗೀಕರಣದ ಅಂಕಿ 100 ಮಿಲಿಮೀಟರಿನಲ್ಲಿ, 250 ಮಿಲಿಮೀಟರ್ ಅಗಲದ ವಜ್ರಾಕಾರದ ಚಿಹ್ನೆ, ತುರ್ತು ಸೇವೆಯ ಮತ್ತು ಸರಕು ಕಳಿಸಿದವರ ದೂರವಾಣಿ ಸಂಖ್ಯೆ. ಅಪಘಾತವಾದರೆ ಮಾಡಬೇಕಾದ್ದನ್ನು ಬರೆದ ಹಾಳೆ ಚಾಲಕನ ಕ್ಯಾಬಿನ್ನಿನಲ್ಲಿರಬೇಕು. ಚಾಲಕ ಇದಕ್ಕೆಂದೇ ಇರುವ ತರಬೇತಿ ಪಡೆದಿರಬೇಕು. ಈ ನಿಯಮ ಮುರಿದು ಗಾಡಿ ಓಡಿಸಿದವನಿಗೂ ಓಡಿಸಲು ಬಿಟ್ಟವನಿಗೂ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ ದಂಡ 10,000 ರೂಪಾಯಿ, ಜೈಲಿಗೂ ಅವಕಾಶವಿದೆ.

ಕಂಪನಿಗಳ ದೊಡ್ಡ ಟ್ಯಾಂಕರುಗಳು ಇದನ್ನು ಬಹುಮಟ್ಟಿಗೆ ಪಾಲಿಸುತ್ತವೆ. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಾಗೇಪಲ್ಲಿ ಕಡೆಯಿಂದ ಇಳಿಯುವ ಟ್ಯಾಂಕರಿನ ಬೆನ್ನ ಮೇಲೆ ವಜ್ರಾಕಾರದ ಚಿಹ್ನೆಯೂ ಅಂಕಿಯೂ ಕಾಣುತ್ತವೆ. ತೊಂದರೆ ಶುರುವಾಗುವುದು ಸರಕು ಹೆದ್ದಾರಿ ಬಿಟ್ಟು ಊರಿನತ್ತ ತಿರುಗಿ ಸಣ್ಣ ಗಾಡಿಗೆ ಬದಲಾದ ಮೇಲೆ. ಟಾಟಾ ಏಸ್, ಗೂಡ್ಸ್ ಆಟೊ, ಒಮ್ಮೊಮ್ಮೆ ತರಕಾರಿ ಇಳಿಸಿ ವಾಪಸಾಗುವ ಟೆಂಪೊ. ಫಲಕ ಇರಲಿ, ಸಿಲಿಂಡರಿನ ಕೊರಳಲ್ಲಿ ಇರಬೇಕಾದ ಚೀಟಿಯೂ ಅಲ್ಲಿ ಉಳಿದಿರುವುದಿಲ್ಲ. ಜನವಸತಿಗೆ ಅತಿ ಹತ್ತಿರ ಬರುವ ಕೊನೆಯ ಹತ್ತು ಕಿಲೋಮೀಟರಿನಲ್ಲೇ ಗುರುತು ಅಳಿಸಿಹೋಗುವುದು ವಿಚಿತ್ರ.

ಹೆಸರು ಗೊತ್ತಿದ್ದರೆ ಏನು ಪ್ರಯೋಜನ, ಸಿಲಿಂಡರ್ ಸೋರಿದರೆ ದೂರ ಓಡುವುದೇ ಅಲ್ಲವೇ ಎಂದು ಕೇಳಬಹುದು. ಯಾವ ಕಡೆಗೆ ಓಡಬೇಕು ಎಂಬುದೂ ಅನಿಲವನ್ನೇ ಅವಲಂಬಿಸಿದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ನೆಲಕ್ಕೆ ಅಂಟಿಕೊಂಡು ತಗ್ಗಿನತ್ತ, ಚರಂಡಿಯತ್ತ, ಕೆರೆಯಂಗಳದತ್ತ ಹರಿಯುತ್ತದೆ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಅಥವಾ ಅಡ್ಡಲಾಗಿ ಸರಿದು ಎತ್ತರದ ಜಾಗ ಸೇರಿದವನು ಬದುಕುತ್ತಾನೆ, ತಗ್ಗಿನಲ್ಲಿ ಅವಿತು ಕೂತವನು ಸಾಯುತ್ತಾನೆ. ಕ್ಲೋರಿನ್ ಸೋರುತ್ತಿರುವ ಜಾಗಕ್ಕೆ ನೀರು ಹೊಯ್ಯಲೇಬಾರದು. ನೀರು ತಾಗಿದ ಕ್ಲೋರಿನ್ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ, ಸೂಜಿಮೊನೆಯಷ್ಟಿದ್ದ ತೂತು ದೊಡ್ಡದಾಗುತ್ತದೆ. ಅಮೋನಿಯಾದ್ದು ಬೇರೆ ಸ್ವಭಾವ. ಅದು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಹಬ್ಬುತ್ತಿರುವ ಹೊಗೆಗೆ ಅಡ್ಡಲಾಗಿ ನೀರಿನ ತುಂತುರು ಹಿಡಿದರೆ ಬಹುಪಾಲು ತಗ್ಗುತ್ತದೆ. ಎಂದರೆ ಒಂದಕ್ಕೆ ಮದ್ದಾಗುವ ನೀರೇ ಇನ್ನೊಂದಕ್ಕೆ ಕೇಡು. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಹಾಗಾಗಿ ನಿರಪಾಯ ಎಂದು ತಿಳಿದವರೇ ಹೆಚ್ಚು. ಆದರೆ ಅದರ ವಾಲ್ವಿಗೆ ಗ್ರೀಸ್ ಮೆತ್ತಿದ ಕೈ ತಾಗಿದರೂ ಬೆಂಕಿ ಏಳಬಹುದು. ಸಿಲಿಂಡರಿನೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 150 ಕೆ.ಜಿ., ಕಾರಿನ ಟೈರಿನಲ್ಲಿರುವುದರ 60 ಪಟ್ಟಿಗೂ ಮಿಗಿಲು. ಕೊರಳು ಮುರಿದರೆ ಸಿಲಿಂಡರ್ ಗೋಡೆ ಸೀಳಿಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಮೋಸಗಾರ ಅನಿಲ ಅಸಿಟಿಲೀನ್. ಅದನ್ನು ಬರಿದೇ ಒತ್ತಿ ತುಂಬಲಾಗದು. ಸಿಲಿಂಡರಿನೊಳಗೆ ಸಣ್ಣ ಸಣ್ಣ ರಂಧ್ರಗಳ ಗಟ್ಟಿ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಆ ಅಸಿಟೋನಿನಲ್ಲಿ ಅನಿಲವನ್ನು ಕರಗಿಸಿಡುತ್ತಾರೆ. ಬೆಂಕಿಯ ಕಾವು ತಗುಲಿದರೆ ಅನಿಲ ಒಳಗೊಳಗೇ ಒಡೆಯತೊಡಗುತ್ತದೆ. ಹೊರಗಿನ ಬೆಂಕಿ ಆರಿ, ಎಲ್ಲ ಮುಗಿಯಿತೆಂದು ಜನ ಹತ್ತಿರ ಬಂದು ಮೊಬೈಲಿನಲ್ಲಿ ವಿಡಿಯೊ ಮಾಡುವಾಗಲೂ ಅದು ಸಿಡಿಯಬಲ್ಲದು. ಅದಕ್ಕೇ ಅಗ್ನಿಶಾಮಕ ದಳದವರು ಅಂಥ ಸಿಲಿಂಡರನ್ನು ದೂರದಿಂದ ಗಂಟೆಗಟ್ಟಲೆ ನೀರು ಹಾಯಿಸಿ ತಣಿಸುತ್ತಾರೆ. ಕರೆ ಬಂದಾಗ ‘ಯಾವುದೋ ಗ್ಯಾಸ್ ಸಿಲಿಂಡರ್’ ಎಂಬ ಒಂದೇ ಮಾತು ಕೇಳಿ ಹೊರಡುವ ಸಿಬ್ಬಂದಿ ಇದರಲ್ಲಿ ಯಾವ ತಯಾರಿ ಮಾಡಿಕೊಳ್ಳಬೇಕು?

ಬಣ್ಣ ಇದೆಯಲ್ಲ ಎಂಬುದು ಅನುಭವಸ್ಥರ ಉತ್ತರ. ನಿಜ, ಭಾರತೀಯ ಮಾನಕದಲ್ಲಿ ಪ್ರತಿ ಅನಿಲಕ್ಕೂ ಬಣ್ಣ ಗೊತ್ತುಮಾಡಲಾಗಿದೆ. ಆಮ್ಲಜನಕಕ್ಕೆ ಕಪ್ಪು, ವೈದ್ಯಕೀಯ ಆಮ್ಲಜನಕವಾದರೆ ಕಪ್ಪು ಮೈಗೆ ಬಿಳಿ ಹೆಗಲು, ಸಾರಜನಕಕ್ಕೆ ಬೂದು ಮೈ ಮತ್ತು ಕಪ್ಪು ಕೊರಳು, ಜಲಜನಕಕ್ಕೆ ಕೆಂಪು, ಅಸಿಟಿಲೀನಿಗೆ ಮರೂನ್, ಕ್ಲೋರಿನ್ನಿಗೆ ಹೊಂಬಣ್ಣದ ಹಳದಿ. ವೆಲ್ಡರಿಗೆ, ಅರಿವಳಿಕೆ ತಜ್ಞರಿಗೆ ಇದು ಸಾಕು. ದಾರಿಹೋಕನಿಗೆ ಸಾಲದು. ಬಣ್ಣ ಉದುರುತ್ತದೆ, ತುಕ್ಕಿನಡಿ ಅಡಗುತ್ತದೆ, ಸಂಜೆಯ ಮಬ್ಬಿನಲ್ಲಿ ಮರೂನಿಗೂ ಕಪ್ಪಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ದೇಶ ಬದಲಾದರೆ ಅರ್ಥವೂ ಬದಲಾಗುತ್ತದೆ. ನಮ್ಮಲ್ಲಿ ಆಮ್ಲಜನಕ ಎನ್ನುವ ಕಪ್ಪು ಬಣ್ಣ ಅಮೆರಿಕದ ಆಸ್ಪತ್ರೆಯಲ್ಲಿ ಸಾರಜನಕ, ಅಲ್ಲಿ ಆಮ್ಲಜನಕಕ್ಕೆ ಹಸಿರು. ಈ ಕಾರಣಕ್ಕೇ ಯುರೋಪ್ ಮತ್ತು ಅಮೆರಿಕಗಳಲ್ಲಿ ಮೊದಲು ನಂಬಬೇಕಾದ್ದು ಸಿಲಿಂಡರಿನ ಲೇಬಲ್ಲು, ಬಣ್ಣ ಬರೀ ನೆರವು ಎಂಬ ತತ್ವವಿದೆ. ಕೋವಿಡ್ ಕಾಲ ಇದನ್ನು ನಮಗೂ ಕಲಿಸಬೇಕಿತ್ತು. ಆಮ್ಲಜನಕದ ಸಿಲಿಂಡರುಗಳಿಗೆ ಬರ ಬಂದಾಗ ಸಾರಜನಕ ಮತ್ತು ಆರ್ಗಾನ್ ಸಿಲಿಂಡರುಗಳನ್ನು ಶುದ್ಧಗೊಳಿಸಿ ಆಮ್ಲಜನಕ ತುಂಬಲು ಪೆಸೊ ಅನುಮತಿ ಕೊಟ್ಟಿತು. ಆ ತುರ್ತಿನಲ್ಲಿ ಅದು ಸರಿಯಾದ ನಿರ್ಧಾರವೇ. ಆದರೆ ನಿನ್ನೆ ಒಂದು ಅನಿಲವಿದ್ದ ಪಾತ್ರೆಯಲ್ಲಿ ಇಂದು ಇನ್ನೊಂದು ಅನಿಲವಿದೆ ಎಂದಾಗ ಹಳೆಯ ಬಣ್ಣದ ಮೇಲಿನ ಹೊಸ ಬಣ್ಣವನ್ನು ಎಷ್ಟು ನಂಬುವುದು? ತುಂಬಿದವರು ಹೆಸರು, ವಿಳಾಸ, ದಿನಾಂಕದೊಂದಿಗೆ ಅಂಟಿಸಿದ ಚೀಟಿಯೇ ಗತಿ.

ಕೋವಿಡ್ಡಿನ ಮಾತು ಬಂದಾಗ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ಜನ ಸತ್ತರು. ಮೈಸೂರಿನಿಂದ ರಸ್ತೆಯಲ್ಲಿ ಬರಬೇಕಿದ್ದ ಸಿಲಿಂಡರುಗಳು ಸಾಕಷ್ಟು ಬರಲಿಲ್ಲ ಎಂಬುದೇ ಆ ದುರಂತದ ನಡುವಿನ ಪ್ರಶ್ನೆಯಾಗಿತ್ತು. ಅಂಥ ಹೊತ್ತಿನಲ್ಲಿ ಫಲಕ ಎಲ್ಲಿ, ಚೀಟಿ ಎಲ್ಲಿ ಎಂದು ಗಾಡಿ ನಿಲ್ಲಿಸಿದರೆ ಕೊಂದ ಪಾಪ ಯಾರಿಗೆ? ಈ ಆಕ್ಷೇಪದಲ್ಲಿ ಹುರುಳಿದೆ, ಅದಕ್ಕೇ ತಪಾಸಣೆಯ ಜಾಗ ರಸ್ತೆಯಾಗಬಾರದು ಎನ್ನುತ್ತೇನೆ. ನಡುದಾರಿಯಲ್ಲಿ ತಡೆದು ದಂಡ ಬರೆಯುವ ಪದ್ಧತಿಯಿಂದ ಲಂಚದ ಹೊಸ ದಾರಿಯೊಂದು ತೆರೆಯುತ್ತದೆಯೇ ಹೊರತು ಗುರುತು ಹುಟ್ಟುವುದಿಲ್ಲ. ಚೀಟಿ ಅಂಟಿಸಬೇಕಾದ್ದು ತುಂಬುವ ಘಟಕದಲ್ಲಿ, ಅದಕ್ಕೆ ತಗಲುವುದು ಅರ್ಧ ನಿಮಿಷ. ಸರಕು ಕಳಿಸುವವನೇ ಅದರ ಸ್ವಭಾವವನ್ನು ಸಾಗಿಸುವವನಿಗೆ ತಿಳಿಸಬೇಕೆಂದು ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ಗೇಟು ದಾಟುವ ಮೊದಲೇ ಕೆಲಸ ಮುಗಿದಿದ್ದರೆ ದಾರಿಯಲ್ಲಿ ತಡವಾಗುವ ಪ್ರಶ್ನೆಯೇ ಇಲ್ಲ.

ಈಗ ಭಾಷೆಯ ವಿಷಯ. ಅಪಾಯಕಾರಿ ಸರಕಿನ ಚಾಲಕನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು ಎನ್ನುತ್ತದೆ ನಿಯಮ. ಗುರುತನ್ನು ಓದುವವನು ಚಾಲಕ ಎಂಬ ಊಹೆ ಇಲ್ಲೇ ಬಯಲಾಗುತ್ತದೆ. ಅಪಘಾತದಲ್ಲಿ ಮೊದಲು ಪೆಟ್ಟು ತಿನ್ನುವವನು, ಪ್ರಜ್ಞೆ ತಪ್ಪುವವನು, ಹೆದರಿ ಓಡಿಹೋಗುವವನು ಚಾಲಕನೇ. ಆ ಬಳಿಕ ಓದಬೇಕಾದವರು ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು, ಬಸ್ಸಿನಿಂದ ಇಳಿದು ಓಡಿಬಂದ ಕಂಡಕ್ಟರು, ಬೀಟಿನಲ್ಲಿದ್ದ ಪೊಲೀಸ್ ಪೇದೆ. ವಾರಾಂತ್ಯವಾದರೆ ಸ್ಕಂದಗಿರಿ, ನಂದಿಬೆಟ್ಟಗಳಿಗೆ ಬೈಕಿನಲ್ಲಿ ಬಂದ ಬೆಂಗಳೂರಿನ ಹುಡುಗರು. ಈ ಸೀಮೆಯಲ್ಲಿ ಮನೆಮಾತು ತೆಲುಗಾಗಿರುವವರೂ ಬಹಳ, ಆದರೆ ಅವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿತದ್ದು ಕನ್ನಡದ ಅಕ್ಷರ. ಇವರೆಲ್ಲರ ಮುಂದೆ ‘ಅನ್‌ಹೈಡ್ರಸ್ ಅಮೋನಿಯಾ’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದಿಟ್ಟರೆ ಬರೆದವನ ಕರ್ತವ್ಯ ಮುಗಿಯಿತು, ಓದುವವನಿಗೆ ಏನೂ ದಕ್ಕಲಿಲ್ಲ. ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿಕೊಂಡ ರಾಜ್ಯ ನಮ್ಮದು. ಬಿರಿಯಾನಿ ಎಲ್ಲಿ ಸಿಗುತ್ತದೆಂದು ಕನ್ನಡದಲ್ಲಿ ತಿಳಿಯುವುದು ಕಡ್ಡಾಯ, ವಿಷಾನಿಲ ಯಾವ ಗಾಡಿಯಲ್ಲಿದೆ ಎಂದು ತಿಳಿಯುವುದು ಕಡ್ಡಾಯವಲ್ಲ! ‘ಕ್ಲೋರಿನ್. ವಿಷಾನಿಲ. ನೀರು ಹಾಕಬೇಡಿ. ಗಾಳಿಗೆ ಎದುರಾಗಿ ದೂರ ಹೋಗಿ. 112ಕ್ಕೆ ಕರೆ ಮಾಡಿ.’ ಇಷ್ಟನ್ನು ಕನ್ನಡದಲ್ಲಿ ಬರೆಯಲು ಒಂದು ಅಡಿ ತಗಡು ಸಾಕು.

ಅಂತರರಾಷ್ಟ್ರೀಯ ಏಕರೂಪತೆಗೆ ಧಕ್ಕೆಯಾಗುತ್ತದೆ ಎಂದು ತಜ್ಞರು ಹೇಳಬಹುದು. ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಗಳ ಬಲವೇ ಅವು ಭಾಷೆಯ ಹಂಗಿಲ್ಲದವು ಎಂಬುದು. 1005 ಎಂದರೆ ಎಲ್ಲಿದ್ದರೂ ಅಮೋನಿಯಾ, 1017 ಕ್ಲೋರಿನ್, 1001 ಅಸಿಟಿಲೀನ್, 1072 ಆಮ್ಲಜನಕ, 1075 ಎಲ್‌ಪಿಜಿ. ಆ ಸಂಖ್ಯೆಯನ್ನು ತೆಗೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಅದರ ಕೆಳಗೆ ಎರಡು ಸಾಲು ಕನ್ನಡ ಸೇರಿಸಿದರೆ ಸಂಖ್ಯೆಯ ಬಲ ಕುಗ್ಗದು, ಬದಲಿಗೆ ಫೋನಿನಲ್ಲಿ ಆ ನಾಲ್ಕು ಅಂಕಿಗಳನ್ನು ಓದಿ ಹೇಳಬೇಕು ಎಂಬ ಸೂಚನೆಯನ್ನೂ ಅಲ್ಲೇ ಬರೆಯಬಹುದು. ಜನ ಇಂಥದ್ದನ್ನೆಲ್ಲ ಓದುವುದಿಲ್ಲ ಎಂಬ ಉದಾಸೀನದ ಮಾತಿಗೂ ಉತ್ತರವಿದೆ. ಅಡುಗೆ ಅನಿಲದ ಸಿಲಿಂಡರಿನ ಕೊರಳಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂದು ವರ್ಷದ ಕಾಲುಭಾಗದ ಗುರುತಿರುತ್ತದೆ. ಅದನ್ನು ನೋಡಿ ಅವಧಿ ಮೀರಿದೆಯೆಂದು ಸಿಲಿಂಡರ್ ವಾಪಸು ಕಳಿಸುವ ಗೃಹಿಣಿಯರು ಹಳ್ಳಿಗಳಲ್ಲೂ ಇದ್ದಾರೆ. ಹೇಳಿಕೊಟ್ಟದ್ದನ್ನು ಜನ ಓದುತ್ತಾರೆ.

ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಎದುರು ವಾದವೊಂದಿದೆ. ಕಟ್ಟುನಿಟ್ಟಿಗೆ ಹೆಸರಾದ ಯುರೋಪಿನಲ್ಲೂ ಸಣ್ಣ ಹೊರೆಗೆ ವಿನಾಯಿತಿ ಇದೆ. ಅಲ್ಲಿನ ರಸ್ತೆ ಸಾಗಣೆ ಒಪ್ಪಂದದ ಪ್ರಕಾರ ಒಂದು ಗಾಡಿಯಲ್ಲಿ 333 ಕೆ.ಜಿ.ವರೆಗಿನ ಎಲ್‌ಪಿಜಿ ಒಂದೇ ಇದ್ದರೆ ವಾಹನಕ್ಕೆ ಕಿತ್ತಳೆ ಫಲಕ ಬೇಕಿಲ್ಲ. ಎಂದರೆ ನಮ್ಮ 14.2 ಕೆ.ಜಿ.ಯ 23 ಸಿಲಿಂಡರುಗಳು. ಹಾಗಿದ್ದಾಗ ನಾಲ್ಕು ಸಿಲಿಂಡರ್ ಹೇರಿದ ಬಡ ಆಟೊದವನ ಮೇಲೆ ಏಕೆ ಗದಾಪ್ರಹಾರ? ಒಪ್ಪಬೇಕಾದ ಮಾತು. ಸಣ್ಣ ಗಾಡಿಗೆ ಮೂರು ದೊಡ್ಡ ಫಲಕಗಳನ್ನು ಹೇರುವುದರಿಂದ ಪಾಲನೆ ಹೆಚ್ಚುವುದಿಲ್ಲ, ಕಳ್ಳದಾರಿ ಹೆಚ್ಚುತ್ತದೆ. ಆದರೆ ಯುರೋಪಿನ ವಿನಾಯಿತಿ ಗಾಡಿಗೆ ಮಾತ್ರ, ಸಿಲಿಂಡರಿಗಲ್ಲ. ಅಲ್ಲಿ ಪ್ರತಿ ಸಿಲಿಂಡರಿನ ಹೆಗಲ ಮೇಲೂ ಹೆಸರು, ಸಂಖ್ಯೆ, ಚಿಹ್ನೆ ಇದ್ದೇ ಇರುತ್ತವೆ. ಆ ಭರವಸೆಯ ಮೇಲೆಯೇ ಗಾಡಿಗೆ ರಿಯಾಯಿತಿ. ನಮ್ಮಲ್ಲಿ ಕಾಣೆಯಾಗಿರುವುದು ಆ ತಳಹದಿಯೇ. ಆದ್ದರಿಂದ ಸಣ್ಣ ಗಾಡಿಗಳ ವಿಷಯದಲ್ಲಿ ಮೊದಲು ಪಟ್ಟು ಹಿಡಿಯಬೇಕಾದ್ದು ಸಿಲಿಂಡರಿನ ಕೊರಳಿನ ಚೀಟಿಗೆ. ಅದು ಖಾತ್ರಿಯಾದ ಮೇಲೆ ಗಾಡಿಯ ಹಿಂದೆ ಒಂದೇ ಒಂದು ಕನ್ನಡ ಫಲಕ ಕೇಳಿದರೆ ಸಾಕು. ಕ್ಲೋರಿನ್, ಅಮೋನಿಯಾದಂಥ ವಿಷಾನಿಲಕ್ಕೆ ಮಾತ್ರ ಎಷ್ಟು ಸಣ್ಣ ಹೊರೆಯಾದರೂ ಪೂರ್ತಿ ಫಲಕ ಇರಲಿ.

ಹಿರೇನಾಗವಲ್ಲಿಯ ಜಿಲೆಟಿನ್ನಿಗೆ ಯಾವ ಲೇಬಲ್ ಇದ್ದರೂ ಆರು ಜೀವ ಉಳಿಯುತ್ತಿರಲಿಲ್ಲವಲ್ಲ, ಕಳ್ಳತನದಿಂದ ಸಾಗಿಸುವವನು ಬೋರ್ಡು ಹಾಕಿಕೊಂಡು ಹೋಗುತ್ತಾನೆಯೇ ಎಂದು ಕೇಳುವವರಿಗೆ ಹೇಳುವುದಿಷ್ಟೆ: ಹೌದು, ಉಳಿಯುತ್ತಿರಲಿಲ್ಲ. ಲೇಬಲ್ಲು ಅಪಘಾತ ತಡೆಯುವ ಸಾಧನವೂ ಅಲ್ಲ. ರಸ್ತೆಯ ಗುಂಡಿ, ನಿದ್ದೆಗೆಟ್ಟ ಚಾಲಕ, ಮಿತಿಮೀರಿದ ಹೊರೆ ಇವನ್ನು ಅದು ಸರಿಪಡಿಸದು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಮಗುಚಿದ ಟ್ಯಾಂಕರಿನಲ್ಲಿ ಎಲ್‌ಪಿಜಿ ಇದೆ ಎಂಬುದು ಗುಟ್ಟೇನಾಗಿರಲಿಲ್ಲ, ಆದರೂ ಜನ ಸತ್ತರು. ಅಷ್ಟು ಬೇಗ ಹಬ್ಬುವ ಬೆಂಕಿಗೆ ಹೆಸರು ಗೊತ್ತಿದ್ದೂ ಓಡಲು ಸಮಯ ಸಿಗದು. ಇಷ್ಟನ್ನೂ ಒಪ್ಪಿದ ಮೇಲೂ ಉಳಿಯುವುದು, ನಿಧಾನವಾಗಿ ಸೋರುವ, ಕಣ್ಣಿಗೆ ಕಾಣದ, ಗುರುತಿಸಲು ಹತ್ತಿಪ್ಪತ್ತು ನಿಮಿಷ ಸಿಗುವ ಪ್ರಸಂಗಗಳು. ಆ ಹತ್ತಿಪ್ಪತ್ತು ನಿಮಿಷವನ್ನು ಊಹೆಯಲ್ಲಿ ಕಳೆಯಬೇಕೆ, ತಿಳಿದು ನಡೆಯಲು ಬಳಸಬೇಕೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಇನ್ನೊಂದು ಲಾಭವೂ ಇದೆ. ನ್ಯಾಯವಾಗಿ ಸಾಗುವ ಗಾಡಿಗಳೆಲ್ಲ ಗುರುತು ಹೊತ್ತಿದ್ದರೆ ಗುರುತಿಲ್ಲದ್ದು ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಇಂದು ಎಲ್ಲ ಗಾಡಿಗಳೂ ಒಂದೇ ಥರ ಮೌನವಾಗಿರುವುದರಿಂದ ಕಳ್ಳನಿಗೂ ಆ ಮೌನದ ರಕ್ಷಣೆ ಸಿಕ್ಕಿದೆ.

ಇದಕ್ಕೆ ದೆಹಲಿ ಅಥವಾ ನಾಗಪುರದ ಕಡೆ ಮುಖ ಮಾಡಿ ಕೂರಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಾಸಾಯನಿಕ ಅಪಘಾತಗಳ ಬಗ್ಗೆ 1996ರ ನಿಯಮಗಳು ಹೇಳುವ ಜಿಲ್ಲಾ ಬಿಕ್ಕಟ್ಟು ತಂಡಕ್ಕೂ ಅವರೇ ಮುಖ್ಯಸ್ಥರು. ಕನ್ನಡದ ಫಲಕದ ಮಾದರಿಯೊಂದನ್ನು ಸಿದ್ಧಪಡಿಸಿ ಹಂಚಲು ಇಷ್ಟು ಅಧಿಕಾರ ಸಾಕು. ಆದರೆ ಆದೇಶಕ್ಕಿಂತ ಬಲವಾದ ಅಸ್ತ್ರ ಸರ್ಕಾರದ ಕೈಯಲ್ಲಿ ಇನ್ನೊಂದಿದೆ. ಜಿಲ್ಲೆಯಲ್ಲಿ ಸಿಲಿಂಡರ್ ಅನಿಲದ ದೊಡ್ಡ ಗಿರಾಕಿಗಳು ಯಾರು? ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳು ಆಮ್ಲಜನಕ ಕೊಳ್ಳುತ್ತವೆ. ಕುಡಿಯುವ ನೀರಿಗೆ ಕ್ಲೋರಿನ್ ಬೇಕಾದಲ್ಲಿ ಕೊಳ್ಳುವುದು ನಗರಸಭೆ, ಶೈತ್ಯೀಕರಣಕ್ಕೆ ಅಮೋನಿಯಾ ಬೇಕಾದಲ್ಲಿ ಹಾಲು ಒಕ್ಕೂಟ. ಎಲ್ಲವೂ ಸಾರ್ವಜನಿಕ ಹಣದಿಂದ, ಟೆಂಡರ್ ಮೂಲಕ ನಡೆಯುವ ಖರೀದಿ. ಆ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಆಯಿತು: ಕೊರಳಲ್ಲಿ ಕನ್ನಡದ ಚೀಟಿಯಿಲ್ಲದ, ಪರೀಕ್ಷೆಯ ಅವಧಿ ಮೀರಿದ ಸಿಲಿಂಡರನ್ನು ಇಳಿಸಿಕೊಳ್ಳುವುದಿಲ್ಲ, ಅದರ ಬಾಡಿಗೆಯನ್ನೂ ಕೊಡುವುದಿಲ್ಲ. ತುರ್ತಿನ ದಿನಗಳಲ್ಲಿ ಸಿಲಿಂಡರ್ ಇಳಿಸಿಕೊಂಡು ಬಿಲ್ಲಿನಲ್ಲಿ ಕಡಿತ ಮಾಡಬಹುದು. ಚೀಟಿಯ ಖರ್ಚು ಸಿಲಿಂಡರಿಗೆ ಕೆಲವೇ ರೂಪಾಯಿ. ಸರ್ಕಾರಿ ಆಸ್ಪತ್ರೆಗೆ ಚೀಟಿ ಅಂಟಿಸಿ ಕಳಿಸಲು ಶುರುಮಾಡಿದ ಘಟಕ ಪಕ್ಕದ ವೆಲ್ಡಿಂಗ್ ಅಂಗಡಿಗೆಂದು ಬೇರೆ ಸಾಲು ಇಡುವುದಿಲ್ಲ, ಎಲ್ಲಕ್ಕೂ ಅಂಟಿಸುತ್ತದೆ. ಆರ್‌ಟಿಒ ಇಲಾಖೆ ರಸ್ತೆಯಲ್ಲಿ ಸಾವಿರ ಗಾಡಿ ತಡೆದು ಮಾಡಲಾಗದ್ದನ್ನು ಆಸ್ಪತ್ರೆಯ ಉಗ್ರಾಣದ ಗುಮಾಸ್ತ ಬಾಗಿಲಲ್ಲಿ ನಿಂತು ‘ಇದಕ್ಕೆ ಚೀಟಿ ಇಲ್ಲ, ವಾಪಸು ತಗೊಂಡು ಹೋಗಿ’ ಎಂದು ಹೇಳಿ ಮಾಡಬಹುದು. ಮುಂದಿನ ಆರ್ಥಿಕ ವರ್ಷದ ಟೆಂಡರ್ ಕರಡು ತಯಾರಾಗುವ ಮೊದಲು ಆ ಷರತ್ತನ್ನು ಬರೆದಿಡಲು ಜಿಲ್ಲಾಡಳಿತಕ್ಕೆ ಒಂದು ಸಭೆ ಸಾಕು.